ಹನುಮಮ್ಮ ಸುತ್ತಿದ ಕಾಯಿಲು

ಎರಡೂವರೆ ವರ್ಷ ಹನುಮಮ್ಮ ಶೇಖರನ ಹೆಸರನ್ನು ಬಾಯಿಂದ ಆಡಲಿಲ್ಲ. ಆಡಲೇಬೇಕಾದಾಗ ‘ಅಂವ’ ಅನ್ನುತ್ತಿದ್ದಳು. ಮಕ್ತಲ್ ಬಸ್ ನಿಲ್ದಾಣದ ಗೋಡೆಯ ಮೇಲೆ ಅವನ ಆರ್ಕೆಸ್ಟ್ರಾದ ಪೋಸ್ಟರು ಇತ್ತು. ಬಿಳಿ ಕೋಟು, ಕೈಯಲ್ಲಿ ಮೈಕು, ಕೆಳಗೆ ನಾರಾಯಣಪೇಟೆಯ ವಿಳಾಸ. ಬಿಸಿಲಿಗೆ ಕಾಗದದ ಬಣ್ಣ ಹೋಗಿದ್ದರೂ ಅವನ ನಗು ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯಲು ಹೋಗುವಾಗ ಅವಳು ಬೇಕೆಂದೇ ಆ ಗೋಡೆಯ ಪಕ್ಕದಿಂದ ಹಾಯುತ್ತಿದ್ದಳು. ಆ ಮುಖ ಎಲ್ಲಿ ಮರೆತುಹೋದೀತೋ ಎಂಬ ಭಯ ಅವಳಿಗೆ.

ಅಂಗಡಿ ಅವಳ ಅಪ್ಪನದು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕುರಿ ಬಿಟ್ಟು ಮೋಟರ್ ವೈಂಡಿಂಗ್ ಕಲಿತ ಮನುಷ್ಯ ಆತ. ಸುಟ್ಟ ಬೋರ್ ಮೋಟರು, ಫ್ಯಾನು, ಮಿಕ್ಸಿ ಬಂದರೆ ಕಪ್ಪಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು. ಹನುಮಮ್ಮ ವಾರ್ನಿಶ್ ವಾಸನೆಯಲ್ಲೇ ಬೆಳೆದಳು. ತಂತಿ ಎಷ್ಟು ಬಿಗಿ ಇರಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ಮದುವೆಯಾಗಿ ನಾರಾಯಣಪೇಟೆಯ ಪಕ್ಕದ ಹಳ್ಳಿಗೆ ಹೋದ ಮೇಲೂ ಆ ಕೆಲಸ ಬಿಡಲಿಲ್ಲ. ಅತ್ತೆ ಮೊಗುಲಮ್ಮನ ಮನೆಯ ಪಡಸಾಲೆಯಲ್ಲೇ ಊರವರ ಫ್ಯಾನು ಬಿಚ್ಚಿ ಕೂರುತ್ತಿದ್ದಳು.

ಗಂಡ ಅಂಜನಕುಮಾರನದು ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವ ಮನೆ. ಅವನಿಗೆ ಮಾತ್ರ ತಂತಿಯ ಹುಚ್ಚು. ಗುಂತಕಲ್ಲಿನ ರೈಲ್ವೆ ಕಾಲೊನಿಯಲ್ಲಿ ಒಬ್ಬ ಮುದುಕ ಗಾರ್ಡ್ ಮನೆ ಖಾಲಿ ಮಾಡುವಾಗ, ಯಾರಿಗೂ ಬೇಡವಾದ ಒಂದು ವಾದ್ಯವನ್ನು ಇವನ ಕೈಗೆ ಕೊಟ್ಟುಬಿಟ್ಟಿದ್ದ. ನೋಡಲು ಹೊಲಿಗೆ ಯಂತ್ರದ ಮೇಜಿನ ಹಾಗಿತ್ತು. ನಾಲ್ಕು ಕಾಲು, ಮೇಲೆ ಅಕ್ಕಪಕ್ಕ ಮಲಗಿಸಿದ ಎರಡು ಗಿಟಾರು, ಒಂದೊಂದಕ್ಕೆ ಹತ್ತು ತಂತಿ. ಕೆಳಗೆ ಪೆಡಲುಗಳ ಸಾಲು. ಪೆಡಲು ಒತ್ತಿದರೆ ಒಳಗಿನ ಸರಳುಗಳು ತಂತಿ ಎಳೆದು ಸ್ವರ ಏರಿಸುತ್ತಿದ್ದವು. ಎಡಗೈಯಲ್ಲಿ ಉಕ್ಕಿನ ಗುಂಡು ಸರಳು ಹಿಡಿದು ತಂತಿಯ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟಬೇಕು. ಆಚೆ ಸಾಲಿನ ತಂತಿಗಳ ದನಿ ಚುರುಕು, ಮದುವೆಯ ಕುಣಿತದ ಹಾಡಿಗೆ ಸರಿ. ಈಚೆ ಸಾಲಿನದು, ಅಂದರೆ ನುಡಿಸುವವನ ಹೊಟ್ಟೆಯ ಕಡೆಗಿನದು, ಭಾರದ ದನಿ. ನಡುವೆ ಒಂದು ಸಣ್ಣ ಸ್ವಿಚ್ಚು. ಅತ್ತ ಒತ್ತಿದರೆ ಆಚೆಯದು, ಇತ್ತ ಒತ್ತಿದರೆ ಈಚೆಯದು ಸ್ಪೀಕರಿಗೆ ಹೋಗುತ್ತಿತ್ತು.

ಆದರೆ ಈಚೆಯದು ಸತ್ತಿತ್ತು. ಸ್ವಿಚ್ಚು ಇತ್ತ ಒತ್ತಿದರೆ ಸ್ಪೀಕರು ಸುಮ್ಮನಾಗುತ್ತಿತ್ತು. ಅಂಜನಕುಮಾರ್ ತಂತಿಗಳ ಕೆಳಗಿದ್ದ ಪಿಕಪ್ಪನ್ನು ಬಿಚ್ಚಿ ಹೆಂಡತಿಯ ಮುಂದೆ ಇಟ್ಟ. ಒಂದು ಅಯಸ್ಕಾಂತದ ಪಟ್ಟಿ, ಅದರ ಸುತ್ತ ಕೂದಲಿಗಿಂತ ಸಣ್ಣ ತಂತಿ. ಮೇಲಿನ ಉಕ್ಕಿನ ತಂತಿ ನಡುಗಿದರೆ ಆ ನಡುಕವನ್ನು ಕೆಳಗಿನ ತಂತಿಸುತ್ತು, ಅಂದರೆ ಕಾಯಿಲು, ಹಿಡಿದು ದನಿ ಮಾಡಿ ಕಳಿಸುತ್ತದೆ.

“ಇದರಾಗೂ ಮೋಟರಿನಂಗ ಸುತ್ತೇ ಐತಿ,” ಅಂದಳು ಹನುಮಮ್ಮ. “ತಂತಿ ಅಷ್ಟ ಭಾಳ ಸಣ್ಣದು.”

“ನಿನಗ ಸುತ್ತಾಕ ಆಗ್ತೈತೇನು?”

“ಹರಿತೈತಿ. ಹರದಂಗೆಲ್ಲ ಮತ್ತ ಸುತ್ತೋದು.”

ಹಳೆಯ ಟೆಲಿಫೋನ್ ಗಂಟೆಗಳೊಳಗಿನ ತಂತಿ ಬಿಚ್ಚಿ ತಂದು ಸುತ್ತಿದಳು. ಹರಿಯಿತು. ಮತ್ತೆ ಸುತ್ತಿದಳು. ಕೊನೆಗೆ ದನಿ ಬಂದಾಗ ಅಂಜನಕುಮಾರ್ ಕೇಳಿ ತಲೆ ಅಲ್ಲಾಡಿಸಿದ.

“ಹಿಂಗಲ್ಲ. ಅವ್ವ ಬೀರಪ್ಪನ ಪದ ಹೇಳುವಾಗ ನಡುವ ದನಿ ಒಡಿತೈತಲ್ಲ, ಹಂಗ ಬರಬೇಕು.”

ಸುತ್ತು ಹೆಚ್ಚಾದಷ್ಟೂ ದನಿಯ ಚೂಪು ಸಾಯುತ್ತದೆ, ದಪ್ಪ ಆಗುತ್ತದೆ ಅನ್ನುವುದನ್ನು ಅವಳು ಕಿವಿಯಿಂದಲೇ ಕಂಡುಕೊಂಡಳು. ಇನ್ನಷ್ಟು ಸುತ್ತಿದಳು, ಒಂದೇ ಸಮ ಸುತ್ತದೆ ಸ್ವಲ್ಪ ಅಡ್ಡಾದಿಡ್ಡಿ ಸುತ್ತಿದಳು. ಅರ್ಧ ಸುತ್ತಿನ ಹತ್ತಿರ ಒಂದು ಕವಲು ತಂತಿ ಹೊರಗೆ ತೆಗೆದು ಇನ್ನೊಂದು ಪುಟ್ಟ ಸ್ವಿಚ್ಚಿಗೆ ಕೊಟ್ಟಳು. ಆ ಸ್ವಿಚ್ಚು ಮೇಲಿದ್ದರೆ ಅರ್ಧ ಸುತ್ತು, ದನಿ ತಿಳಿ. ಕೆಳಗೆ ಒತ್ತಿದರೆ ಪೂರ್ತಿ ಸುತ್ತು. ಆಗ ಬರುವ ದನಿ ಗಂಟಲು ಕಟ್ಟಿದ ಮನುಷ್ಯ ಮಾತಾಡಲು ಹೊರಟಂತಿರುತ್ತಿತ್ತು. ಕಾಯಿಲಿನ ಮೇಲೆ ಟೇಪಿನ ಬದಲು ಅತ್ತೆ ಕಂಬಳಿಗೆ ನೂತಿದ್ದ ಕರಿ ಉಣ್ಣೆಯ ಎಳೆ ಸುತ್ತಿ ಬಿಗಿದಳು. ಒಳಗೆ ಕೂತಿದ್ದ ಮೊಗುಲಮ್ಮ ಆ ದನಿ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದು ನಿಂತಿದ್ದಳು.

ಆ ದನಿಗಾಗಿಯೇ ಶೇಖರ್ ಅಂಜನಕುಮಾರನನ್ನು ತನ್ನ ಆರ್ಕೆಸ್ಟ್ರಾ ಪಾರ್ಟಿಗೆ ಸೇರಿಸಿಕೊಂಡ. ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಏರುತ್ತಿದ್ದ ಕಾಲ. ಓದುವ ಹುಡುಗರು ಒಬ್ಬೊಬ್ಬರಾಗಿ ಪ್ರಾಣ ಕೊಡುತ್ತಿದ್ದರು. ಅವರಿಗಾಗಿ ಅಂಜನಕುಮಾರ್ ಮಾತಿಲ್ಲದ ಒಂದು ರಾಗ ಕಟ್ಟಿದ. ಆಚೆ ಸಾಲಿನಲ್ಲಿ ಕುಣಿತದ ಹಾಡು ಮುಗಿಸಿ, ಸ್ವಿಚ್ಚು ಈಚೆ ಒತ್ತಿ, ಪುಟ್ಟ ಸ್ವಿಚ್ಚು ಕೆಳಗೆ ಮಾಡಿ ಆ ರಾಗ ಎತ್ತಿದರೆ ಸಭೆ ಉಸಿರು ಹಿಡಿಯುತ್ತಿತ್ತು. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಜನರ ಫೋನಿನಲ್ಲಿ ಅದೇ ರಿಂಗ್‌ಟೋನು. ಸೀಡಿಯ ಮೇಲೆ ಶೇಖರನ ಹೆಸರಷ್ಟೇ ಇತ್ತು. ಅಂಜನಕುಮಾರ್ ಅದಕ್ಕೆ ನಕ್ಕು ಸುಮ್ಮನಾಗಿದ್ದ.

ಸಕಲ ಜನರ ಮುಷ್ಕರ ನಡೆದ ವರ್ಷ, ಮಳೆಗಾಲದ ಕೊನೆಗೆ, ಕೋಸಗಿಯಲ್ಲಿ ಸಭೆ. ಊರಿಗೆ ಕರೆಂಟಿಲ್ಲ, ಜನರೇಟರ್ ಇಟ್ಟಿದ್ದರು. ಮಳೆ ಹನಿದು ಸ್ಟೇಜು ಹಸಿಯಾಗಿತ್ತು. ಪೆಡಲು ಕಾಲಿಗೆ ಸರಿಯಾಗಿ ಸಿಗಲಿ ಅಂತ ಅಂಜನಕುಮಾರ್ ಯಾವಾಗಲೂ ಚಪ್ಪಲಿ ಬಿಡುತ್ತಿದ್ದ. ಸ್ವಿಚ್ಚು ಈಚೆ ಒತ್ತಿ, ರಾಗದ ಮೊದಲ ಎಳೆ ಎಳೆದು, ಮೈಕಿನ ಕೋಲು ಸರಿಸಲು ಕೈ ಚಾಚಿದನಂತೆ. ಹಾಗೆಯೇ ಗಿಟಾರಿನ ಮೇಲೆ ಕವುಚಿಬಿದ್ದ.

ಮಣ್ಣು ಮಾಡಿದ ದಿನ ಶೇಖರ್ ಎಲ್ಲರ ಮುಂದೆ ನಿಂತು ಹೇಳಿದ. “ಸ್ಟೇಜಿನ ಕರೆಂಟ್ ಎಲ್ಲಾ ಬರೋಬ್ಬರಿ ಇತ್ತು. ಗಿಟಾರದಾಗಿನ ಕಾಯಿಲ್ ಮನ್ಯಾಗ ಸುತ್ತಿದ್ದು. ಶಾಕ್ ಅದರಿಂದ ಬಂದೈತಿ. ಪಾಪ, ಆಕಿ ಬೇಕಂತ ಮಾಡಿಲ್ಲ. ಯಾರೂ ಆಕಿನ್ನ ಬೈಬ್ಯಾಡ್ರಿ.”

ಬೈಯಬೇಡಿ ಅಂದದ್ದೇ ತಡ, ಊರು ಬೈಯಲು ಶುರುಮಾಡಿತು. ಪೊಲೀಸರೂ ಅವನು ಹೇಳಿದ್ದನ್ನೇ ಬರೆದುಕೊಂಡು ಹೋದರು. ಎಂಟು ದಿನಕ್ಕೆ ಅವನು ಮತ್ತೆ ಬಂದು, ಆ ಕಾಯಿಲನ್ನು ಕಿತ್ತು ಕೃಷ್ಣಾ ನದಿಗೆ ಒಗೆದು ಬಂದೆ, ಇನ್ನೊಬ್ಬರ ಜೀವ ತೆಗೆಯಬಾರದಲ್ಲ ಅಂದ. ಜನ ಅವನನ್ನು ದೊಡ್ಡ ಮನುಷ್ಯ ಅಂದರು. ಮೊಗುಲಮ್ಮ ಸೊಸೆಯ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟಳು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ “ನನ್ನ ಮಗನ್ನ ತಂತಿ ಸುತ್ತಿ ಕೊಂದಾಕಿ” ಅಂದಳು.

ಹನುಮಮ್ಮ ವಾದ ಮಾಡಲಿಲ್ಲ. ಕಾಯಿಲಿನಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೆ ಒಂದು ಅನುಮಾನ ಹುಳುವಿನ ಹಾಗೆ ಹೊಕ್ಕಿತ್ತು. ಕಾಯಿಲಿನಿಂದ ಗಿಟಾರಿನ ಮೈಗೆ ಹೋಗುವ ಅರ್ಥಿಂಗ್ ತಂತಿಯನ್ನು ತಾನೇ ಬೆಸುಗೆ ಹಾಕಿದ್ದು. ಆ ದಿನ ಕೈ ತಪ್ಪಿ ಬೇರೆ ಕಡೆ ಹಾಕಿದ್ದರೆ? ನೋಡೋಣವೆಂದರೆ ಕಾಯಿಲು ನದಿಯ ಪಾಲಾಗಿತ್ತು. ಗಿಟಾರು ಆ ಸಭೆಯ ದಿನದಿಂದ ಶೇಖರನ ಮನೆಯಲ್ಲೇ ಇತ್ತು, ಅದನ್ನು ಕಣ್ಣೆತ್ತಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವಳು ಮಕ್ತಲಕ್ಕೆ ಬಂದು, ಅಪ್ಪ ತೀರಿಕೊಂಡ ಮೇಲೆ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆದಳು. ತಾನು ತಪ್ಪು ಮಾಡಿರಬಹುದು ಅನ್ನುವ ಸಂಕಟ ಒಂದು ಕಡೆ. ‘ಪಾಪ’ ಅಂದವನ ಮೇಲಿನ ಸಿಟ್ಟು ಇನ್ನೊಂದು ಕಡೆ. ಮೋಟರು ಸುತ್ತುತ್ತ ಎರಡನ್ನೂ ಸುತ್ತಿಕೊಂಡು ಕೂತಳು.

ರಾಜ್ಯ ಬಂತು. ಜೂನ್ ಎರಡರಂದು ಎಲ್ಲ ಊರುಗಳಲ್ಲೂ ಉತ್ಸವ. ಅದಕ್ಕೆ ಮೊದಲು, ಮೇ ತಿಂಗಳ ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ಇಪ್ಪತ್ತರ ಆಚೀಚೆಯ ಹೆಣ್ಣುಮಗಳೊಬ್ಬಳು ಇಳಿದು, ಡ್ರೈವರನ ಕೈಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಬಂದಳು.

“ಅಕ್ಕಾ, ಸಣ್ಣ ತಂತಿ ಸುತ್ತೋರು ನೀವೇ ಏನ್ರಿ? ನಾನು ರಜಿತಾ, ಗದ್ವಾಲದಾಕಿ. ನಾರಾಯಣಪೇಟ್ಯಾಗ ಯಾರ ಕೈಲೂ ಆಗಲಿಲ್ಲ. ಈಚೆ ಸಾಲಿನ ದನಿ ಹೋಗೈತಿ. ಎರಡನೇ ತಾರೀಖು ಗದ್ವಾಲದಾಗ ಪ್ರೋಗ್ರಾಮ್ ಐತಿ.”

ಪೆಟ್ಟಿಗೆ ತೆರೆದಾಗ ಹನುಮಮ್ಮ ಮೊದಲು ಪೆಡಲುಗಳನ್ನು ನೋಡಿದಳು. ಅವುಗಳ ಮೇಲೆ ಗಂಡನ ಹೆಬ್ಬೆರಳು ಸವೆಸಿದ ಗುರುತು ಹಾಗೆಯೇ ಇತ್ತು.

“ಯಾರ ಪಾರ್ಟಿ?” ಅಂದಳು, ಗೊತ್ತಿದ್ದೂ.

“ಶೇಖರಣ್ಣಂದು. ನಾ ಸೇರಿ ಒಂದು ವರ್ಷ ಆತು. ಅಣ್ಣ ಹೈದರಾಬಾದಿಗೆ ಹೋಗ್ಯಾನ, ಬರೋದ್ರಾಗ ರಿಪೇರಿ ಮಾಡಿಸಿಡಬೇಕು.”

ಹನುಮಮ್ಮ ಮರುದಿನ ಬಾ ಅಂದು ಕಳಿಸಿದಳು. ಶಟರು ಅರ್ಧ ಇಳಿಸಿ ಸ್ಕ್ರೂ ಬಿಚ್ಚಿದಳು. ತಂತಿಗಳನ್ನು ಸರಿಸಿ ಪಿಕಪ್ಪನ್ನು ಎತ್ತಿದಳು.

ಕರಿ ಉಣ್ಣೆಯ ಎಳೆ.

ಅವಳು ಅದನ್ನು ಬೆರಳಿನಿಂದ ಸವರಿ ನೋಡಿದಳು. ಬೇರೆ ಯಾರೂ ಪಿಕಪ್ಪಿಗೆ ಕಂಬಳಿಯ ಎಳೆ ಸುತ್ತುವುದಿಲ್ಲ. ನದಿಗೆ ಒಗೆದೆ ಅಂದಿದ್ದ ಕಾಯಿಲು ಇದೇ. ಅದು ಕೊಲೆಗಾರ ಕಾಯಿಲು ಅಂತ ಊರಿಗೆಲ್ಲ ಹೇಳಿ, ಒಂದು ದಿನವೂ ಹೊರಗೆ ತೆಗೆಯದೆ, ಅದೇ ದನಿಯ ಮೇಲೆ ಅವನು ಊರೂರು ತಿರುಗಿ ಹಾರ ಹಾಕಿಸಿಕೊಂಡಿದ್ದ. ಇನ್ನೊಬ್ಬರ ಮಗಳ ಕೈಗೆ ಅದನ್ನೇ ಕೊಟ್ಟು ಕೂರಿಸಿದ್ದ. ಅದರಿಂದ ಏನೂ ಆಗುವುದಿಲ್ಲ ಅಂತ ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ದೀಪ ಹತ್ತಿರ ತಂದು ಅರ್ಥಿಂಗ್ ತಂತಿ ಹುಡುಕಿದಳು. ಬೆಸುಗೆ ಎಲ್ಲಿ ಇರಬೇಕೋ ಅಲ್ಲೇ ಇತ್ತು. ಅವಳದೇ ಕೈ, ಅವಳದೇ ಬೆಸುಗೆ, ಗುಂಡಗೆ, ಹೊಳಪು ಹೋಗದೆ. ಎರಡೂವರೆ ವರ್ಷದ ಸಂಕಟ ಆ ಗಳಿಗೆಯಲ್ಲಿ ಕಳಚಿಬಿತ್ತು. ಹಗುರವಾಗಬೇಕಿತ್ತು, ಆಗಲಿಲ್ಲ. ಸಂಕಟ ಇದ್ದ ಜಾಗವನ್ನೂ ಸಿಟ್ಟೇ ತುಂಬಿಕೊಂಡಿತು.

ದನಿ ಹೋಗಿದ್ದಕ್ಕೆ ಕಾರಣ ಸಣ್ಣದು. ಕಾಯಿಲಿನ ಹೊರತಂತಿ ಕಿಲುಬು ಹಿಡಿದು ತುಂಡಾಗಿತ್ತು. ಒಂದು ಬೆಸುಗೆ ಹಾಕಿದರೆ ಮುಗಿಯಿತು. ಅವಳು ಹಾಕಲಿಲ್ಲ. ಒಂದು ಗಳಿಗೆ ಕೆಟ್ಟ ಯೋಚನೆಯೂ ಬಂತು. ಮೋಟರು ಓಡಿಸುವಂಥ ಕರೆಂಟು ಗಿಟಾರಿನ ತಂತಿಗೆ ತಾಗುವ ಹಾಗೆ ಮಾಡುವುದು ಅವಳಿಗೆ ಕಷ್ಟವಲ್ಲ. ಆದರೆ ತಂತಿಯ ಮೇಲೆ ಇರುವುದು ಆ ಹುಡುಗಿಯ ಬೆರಳು, ಅವನದಲ್ಲ. ಆ ಯೋಚನೆಯನ್ನು ಬಿಟ್ಟಳು. ಅವನು ಯಾವುದರಿಂದ ಬದುಕಿದ್ದಾನೋ ಅದನ್ನೇ ತೆಗೆದುಕೊಳ್ಳುತ್ತೇನೆ ಅಂದುಕೊಂಡಳು.

ಸ್ವಲ್ಪ ದಪ್ಪ ತಂತಿ ಆರಿಸಿ, ಸುತ್ತು ಕಡಿಮೆ ಮಾಡಿ, ಒಂದೇ ಸಮ ಸಾಲು ಹಿಡಿದು ಹೊಸ ಕಾಯಿಲು ಸುತ್ತಿದಳು. ಅದಕ್ಕೂ ಕವಲು ತಂತಿ ಕೊಟ್ಟಳು. ಎಲ್ಲ ಸ್ವಿಚ್ಚುಗಳೂ ಕೆಲಸ ಮಾಡುತ್ತವೆ, ದನಿ ಬರುತ್ತದೆ, ತಪ್ಪು ಹುಡುಕಿದರೆ ಒಂದೂ ಸಿಗುವುದಿಲ್ಲ. ಆ ಒಡೆದ ಗಂಟಲು ಮಾತ್ರ ಇಲ್ಲ. ಹಳೆಯ ಕಾಯಿಲನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ರಜಿತಾ ಬಂದು ಅಂಗಡಿಯ ಸಣ್ಣ ಸ್ಪೀಕರಿಗೆ ಹಚ್ಚಿ ನುಡಿಸಿ ನೋಡಿದಳು. ಪುಟ್ಟ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿದಳು. ಟೋನಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು.

“ಅಕ್ಕಾ, ದನಿ ಸ್ವಲ್ಪ ತೆಳ್ಳಗ ಆದಂಗ ಅನಸ್ತೈತಿ.”

“ಸ್ಪೀಕರ್ ಸಣ್ಣದು ಐತಲ್ಲ, ಹಂಗ ಕೇಳಸ್ತೈತಿ,” ಅಂದಳು ಹನುಮಮ್ಮ. “ಅಲ್ಲಿ ದೊಡ್ಡ ಬಾಕ್ಸಿಗೆ ಹಾಕು.”

ಹುಡುಗಿ ನಂಬಿ ಹೋದಳು.

ಜೂನ್ ಎರಡರಂದು ಹನುಮಮ್ಮ ಅಂಗಡಿ ಮುಚ್ಚಿ ಗದ್ವಾಲದ ಬಸ್ಸು ಹತ್ತಿದಳು. ಮೈದಾನದ ತುಂಬ ಗುಲಾಬಿ ಬಣ್ಣದ ಪುಡಿ, ಜನ. ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಮುಂದಿನ ಸಾಲಿನಲ್ಲಿ ಪ್ರಾಣ ಕೊಟ್ಟ ಹುಡುಗರ ತಾಯಂದಿರನ್ನು ಕೂರಿಸಿದ್ದರು. ಶೇಖರ್ ಬಿಳಿ ಕೋಟಿನಲ್ಲಿ ಬಂದು, ಆ ತಾಯಂದಿರಿಗೆ ಕೈಮುಗಿದು, ನಮ್ಮ ಪಾರ್ಟಿಯ ಆ ರಾಗವನ್ನು ನಿಮ್ಮ ಪಾದಕ್ಕೆ ಅರ್ಪಿಸುತ್ತೇವೆ ಅಂತ ತೆಲುಗಿನಲ್ಲಿ ಹೇಳಿದ. ಅಂಜನಕುಮಾರನ ಹೆಸರು ಬರಲಿಲ್ಲ.

ಆಚೆ ಸಾಲಿನಲ್ಲಿ ರಜಿತಾ ಒಂದು ಕುಣಿತದ ಹಾಡು ನುಡಿಸಿದಳು. ಜನ ಸಿಳ್ಳೆ ಹಾಕಿದರು. ಅವಳ ಕೈ ಸ್ವಿಚ್ಚಿಗೆ ಹೋಯಿತು. ರಾಗ ಶುರುವಾಯಿತು.

ಸ್ವರ ಎಲ್ಲ ಸರಿ ಇತ್ತು. ಆದರೆ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿತ್ತು. ಮೊದಲು ಜನ ಕಾದರು, ಈಗ ಬಂದೀತು ಅಂತ. ಆಮೇಲೆ ಹಿಂದಿನ ಸಾಲಿನವರು ಮಾತಿಗೆ ತೊಡಗಿದರು. ದನಿ ಏರಿಸು ಅಂತ ಶೇಖರ್ ಸೌಂಡ್ ನೋಡಿಕೊಳ್ಳುವ ಮಹಾಂತಯ್ಯನಿಗೆ ಕೈಸನ್ನೆ ಮಾಡಿದ. ಏರಿಸಿದರೆ ಅದು ಕಿರುಚಿತು. ಯಾರೋ ನಕ್ಕರು. ಶೇಖರನ ಮುಖದಲ್ಲಿ ಬೆವರು ಇಳಿಯುವುದು ಹನುಮಮ್ಮನಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಅವಳ ಎದೆಯೊಳಗೆ ಎಷ್ಟೋ ದಿನದ ಮೇಲೆ ಏನೋ ತಂಪಾಯಿತು. ಇನ್ನಷ್ಟು ಆಗಲಿ, ಇನ್ನಷ್ಟು ಎಂದುಕೊಂಡಳು.

ಪಕ್ಕದಲ್ಲಿ ಮಲ್ದಕಲ್‌ನ ಕಿಷ್ಟಮ್ಮ ಅನ್ನುವ ಹೆಂಗಸು ನಿಂತಿದ್ದಳು. ಮುಂದಿನ ಸಾಲಿನಲ್ಲಿ ಕೂರಲಾರದೆ ಎದ್ದು ಬಂದಿದ್ದಳು. ಅವಳ ಮಗನೂ ಆ ಹುಡುಗರಲ್ಲಿ ಒಬ್ಬ.

“ಇದಲ್ಲವ್ವಾ ಅದು,” ಅಂದಳು ಕಿಷ್ಟಮ್ಮ, ಹನುಮಮ್ಮನ ತೋಳು ಹಿಡಿದು. “ಅದು ಬ್ಯಾರೆ ಇತ್ತು. ಅದನ್ನ ಕೇಳಾಕ ಬಂದಿದ್ದೆ.”

ಹನುಮಮ್ಮ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕಿಷ್ಟಮ್ಮನ ಕೈ ಅವಳ ತೋಳಿನ ಮೇಲೆ ಹಾಗೆಯೇ ಇತ್ತು.

ಅಷ್ಟರಲ್ಲಿ ಶೇಖರ್ ರಾಗ ಅರ್ಧಕ್ಕೆ ನಿಲ್ಲಿಸಿ ಮೈಕು ತೆಗೆದುಕೊಂಡ. “ಕ್ಷಮಿಸಿ. ನಮ್ಮ ಹುಡುಗಿಗೆ ಇನ್ನೂ ಕೈ ಕುದುರಿಲ್ಲ. ಪಾಪ, ಬೇಕಂತ ಮಾಡಿಲ್ಲ,” ಅಂದ. ರಜಿತಾ ಗಿಟಾರಿನ ಮೇಲೆ ತಲೆ ಬಗ್ಗಿಸಿ ಕೂತಳು. ಅವಳ ಊರು, ಅವಳ ಜನ, ಅವಳ ತಂದೆತಾಯಿ ಅದೇ ಮೈದಾನದಲ್ಲಿದ್ದರು.

ಅದೇ ಮಾತು. ಅದೇ ‘ಪಾಪ’. ಹನುಮಮ್ಮನ ಎದೆಯ ತಂಪು ಅಲ್ಲಿಗೇ ಆರಿಹೋಯಿತು. ತಾನು ಬೀಸಿದ ಪೆಟ್ಟನ್ನು ಅವನು ಇನ್ನೊಬ್ಬಳ ತಲೆಗೆ ದಾಟಿಸಿ ಎದ್ದು ನಿಂತಿದ್ದ. ದೂರ ನಿಂತು ಮಾಡುವ ಕೆಲಸ ಇದಲ್ಲ ಅಂತ ಆಗ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳು ನಾರಾಯಣಪೇಟೆಯಲ್ಲಿದ್ದಳು. ಶೇಖರನ ಪ್ರಾಕ್ಟೀಸ್ ಕೋಣೆಯಲ್ಲಿ ಪಾರ್ಟಿಯವರೆಲ್ಲ ಸೇರಿದ್ದರು. ಉತ್ಸವ ಸಮಿತಿಯ ಇಬ್ಬರು ಹಿರಿಯರು ಮಾನ ಹೋಯಿತೆಂದು ದೂರಲು ಬಂದಿದ್ದರು. ರಜಿತಾ ತನ್ನ ಚೀಲ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಮಹಾಂತಯ್ಯ ಮೂಲೆಯಲ್ಲಿ ವೈರು ಸುತ್ತುತ್ತಿದ್ದ. ಹನುಮಮ್ಮನನ್ನು ಕಂಡು ಅವನ ಕೈ ನಿಂತಿತು.

“ಈ ಹುಡುಗಿ ಕೈ ಬರೋಬ್ಬರಿ ಐತಿ,” ಅಂದಳು ಹನುಮಮ್ಮ, ಯಾರೂ ಕೇಳುವ ಮೊದಲೇ. “ಗಿಟಾರದಾಗಿನ ಕಾಯಿಲ್ ತೆಗದಾಕಿ ನಾ.” ಸೆರಗಿನ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲೆ ಇಟ್ಟಳು.

ಶೇಖರ್ ಎದ್ದು ನಿಂತ. ಅವನಿಗೆ ಮೊದಲು ಹೊಳೆದದ್ದು ಹಿಂದಿನ ದಿನದ ಅವಮಾನ ಮಾತ್ರ. “ಕಳ್ಳಿ. ನನ್ನ ಗಿಟಾರದ ಕಾಯಿಲ್ ಕದ್ದಾಳ. ಎಲ್ಲಾರೂ ಕೇಳಿದ್ರಿಲ್ಲ? ಪೊಲೀಸರನ್ನ ಕರೀರಿ.”

“ಕರಿ,” ಅಂದಳು ಹನುಮಮ್ಮ. “ನಾ ಇಲ್ಲೇ ಕೂಡ್ತೀನಿ. ಯಾವ ಕಾಯಿಲ್ ಅಂತ ಬರೆಸ್ತಿ? ಕೃಷ್ಣಾಕ್ಕ ಒಗದು ಬಂದೀನಿ ಅಂದಿದ್ದಿ ಅಲ್ಲ, ಆ ಕಾಯಿಲೇನು?”

ಶೇಖರ್ ಮೇಜಿನ ಮೇಲಿನ ಕರಿ ಉಣ್ಣೆಯನ್ನು ನೋಡಿದ. ತಾನು ಯಾವ ಮಾತು ಆಡಿಬಿಟ್ಟೆ ಅನ್ನುವುದು ಅವನಿಗೆ ಆಗ ತಿಳಿಯಿತು.

“ಇದು... ಇದು ಅದಲ್ಲ,” ಅಂದ.

“ಕಂಬಳಿ ಎಳಿ ಸುತ್ತಿ ಪಿಕಪ್ ಮಾಡೋರು ಇನ್ಯಾರದಾರ? ಈಗ ತಾನ ನಿಂದು ಅಂದಿ.” ಹನುಮಮ್ಮನ ದನಿ ಏರಲಿಲ್ಲ. “ಇದು ನನ್ನ ಗಂಡನ್ನ ಕೊಂದಿದ್ರ ಈ ಹುಡುಗಿ ಕೈಯಾಗ ಯಾಕ ಕೊಟ್ಟಿ? ಕೊಂದಿಲ್ಲಂದ್ರ ಹೆಣದ ಮುಂದ ನಿಂತು ಯಾಕ ಹಂಗಂದಿ? ಎರಡರಾಗ ಒಂದು ಹೇಳು. ಈ ಹಿರೇರ ಮುಂದ ಹೇಳು.”

ಅವನು ಬಾಗಿಲ ಕಡೆ ನೋಡಿದ. ಅವಳು ಮಹಾಂತಯ್ಯನ ಕಡೆ ತಿರುಗಿದಳು.

“ಅಣ್ಣಾ, ಅವತ್ತು ಕೋಸಗ್ಯಾಗ ನೀವೂ ಇದ್ರಿ.”

ಮಹಾಂತಯ್ಯ ಐವತ್ತು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ. ಅವನು ವೈರಿನ ಸುರುಳಿಯನ್ನು ಕೆಳಗಿಟ್ಟ. “ಜನರೇಟರಿಗೆ ನೆಲದಾಗ ಅರ್ಥಿಂಗ್ ರಾಡ್ ಹೊಡದಿರಲಿಲ್ಲ, ತಂಗಿ,” ಅಂದ. “ಆಂಪ್ಲಿಫೈರ್ ಮುಟ್ಟಿದ್ರ ಜುಮ್ ಅಂತಿತ್ತು. ನಾ ಶೇಖರಗ ಹೇಳೀನಿ, ಸ್ವಲ್ಪ ತಡಿ, ರಾಡ್ ಹೊಡೀತೀನಿ ಅಂತ. ಅಂಜನಕುಮಾರನೂ ಹೇಳಿದ, ತಂತಿ ಕಚ್ಚಾಕತ್ತೈತಿ ಅಂತ. ಲೀಡರ್ ಬಂದಾರ, ತಡ ಆದ್ರ ಇನ್ನೊಬ್ಬರ ಪಾರ್ಟಿ ಹತ್ತಿಸ್ತಾರ, ಶುರು ಮಾಡ್ರಿ ಅಂದ ಶೇಖರ್. ಅಂಜನಕುಮಾರ್ ಬಿದ್ದ ಮ್ಯಾಲ ರಾಡ್ ಹೊಡಿಸಿದ್ದೂ ಅಂವನ. ಪೊಲೀಸರು ಬರೋದ್ರಾಗ.”

“ಎರಡೂವರೆ ವರ್ಷ ಯಾಕ ಸುಮ್ಮನಿದ್ರಿ?”

“ನನ್ನ ಮ್ಯಾಲೂ ಬರ್ತೈತಿ ಅಂತ ಅಂಜಿದ್ದೆ.”

ಹನುಮಮ್ಮ ಮೇಜಿನ ಮೇಲಿನ ಕಾಯಿಲು ಎತ್ತಿಕೊಂಡು, ಅದರ ಎರಡು ತಂತಿಗಳ ತುದಿಯನ್ನು ನಾಲಿಗೆಗೆ ಇಟ್ಟುಕೊಂಡಳು. ಸಮಿತಿಯ ಹಿರಿಯರೊಬ್ಬರು ಬೇಡ ಅಂತ ಕೈ ಮುಂದೆ ಮಾಡಿದರು. ಅವಳು ತಂತಿ ತೆಗೆದು, “ಇದರಾಗ ಚುರ್ ಅನ್ನೋ ಅಷ್ಟೂ ಇಲ್ಲ್ರಿ. ಕರೆಂಟ್ ಬಂದದ್ದು ಈ ಮನುಷ್ಯನ ಅವಸರದಿಂದ,” ಅಂದಳು. ಆಮೇಲೆ ಶೇಖರನ ಕಡೆ ನೋಡಿ, “ನಿನಗ ಜೈಲಾದ್ರೂ ಆಗಲಿ, ಬಿಟ್ರೂ ಬಿಡಲಿ. ನಾ ಬದುಕಿರೋತನಕ ನೀ ಸ್ಟೇಜ್ ಹತ್ತಿದ ಊರಿಗೆಲ್ಲ ಬಂದು ಮುಂದಿನ ಸಾಲಿನ್ಯಾಗ ಕೂಡ್ತೀನಿ. ಈ ಮಾತು ಹೇಳ್ತೀನಿ,” ಅಂದಳು.

ಶೇಖರ್ ಕುರ್ಚಿಯ ಮೇಲೆ ಕೂತುಬಿಟ್ಟ. “ನಾ ಹಂಗಾಗ್ತೈತಿ ಅಂದಕೊಂಡಿರಲಿಲ್ಲ,” ಅಂದ.

ಹನುಮಮ್ಮ ಕಾಯಿಲು ತೆಗೆದುಕೊಂಡು ಹೊರಗೆ ಬಂದಳು. ರಜಿತಾ ಹಿಂದೆಯೇ ಬಂದಳು. ಕೃತಜ್ಞತೆಯ ಮಾತು ಬರಬಹುದೆಂದು ಹನುಮಮ್ಮ ಕಾದಿದ್ದಳೇನೋ.

“ಸ್ಪೀಕರ್ ಸಣ್ಣದು ಅಂತ ಸುಳ್ಳು ಹೇಳಿದ್ರಿ ಅಕ್ಕಾ,” ಅಂದಳು ರಜಿತಾ. “ನಮ್ಮಪ್ಪ ನಿನ್ನಿ ಉಣ್ಣಲಿಲ್ಲ. ನಿಮ್ಮ ಸಿಟ್ಟು ಅಂವನ ಮ್ಯಾಲ ಇತ್ತು. ನನಗ ಒಂದು ಮಾತು ಹೇಳಿದ್ರ ನಾನೂ ನಿಮ್ಮ ಕೂಡ ನಿಲ್ತಿದ್ದೆ.”

ಹುಡುಗಿಯ ಮಾತು ನಿಜವಿತ್ತು. “ಗದ್ವಾಲಕ್ಕ ಬಂದು ನಿಮ್ಮಪ್ಪಗ ನಾನೇ ಹೇಳ್ತೀನಿ,” ಅಂದಳು ಹನುಮಮ್ಮ. ಮರುದಿನವೇ ಹೋಗಿ ಹೇಳಿದಳು. ರಜಿತಾಳ ತಂದೆ ಕೇಳಿಸಿಕೊಂಡು ಚಹಾ ಕೊಡಿಸಿದ. ರಜಿತಾ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ.

ಪೊಲೀಸ್ ಠಾಣೆಯಲ್ಲಿ ಮಹಾಂತಯ್ಯ ಹೇಳಿಕೆ ಕೊಟ್ಟ. ಕೇಸು ಮತ್ತೆ ತೆರೆಯಿತು, ವಾಯಿದೆ ಮೇಲೆ ವಾಯಿದೆ ಬಿದ್ದು ಎಳೆಯಿತು. ಶೇಖರನಿಗೆ ಜೈಲೇನೂ ಆಗಲಿಲ್ಲ. ಆದರೆ ಆ ಕೋಣೆಯಲ್ಲಿ ನಡೆದದ್ದನ್ನು ಸಮಿತಿಯ ಹಿರಿಯರಿಬ್ಬರೂ ಹೋದಲ್ಲೆಲ್ಲ ಹೇಳಿದರು. ಮದುವೆ ಸೀಸನ್ನು ಬಂದಾಗ ಅವನನ್ನು ಯಾರೂ ಕರೆಯಲಿಲ್ಲ. ಒಮ್ಮೆ ಕೋಸಗಿಯ ಕಡೆ ಯಾವುದೋ ಹಳ್ಳಿಯಲ್ಲಿ ಬೇರೆಯವರ ಪಾರ್ಟಿ ಸೇರಿ ಹಾಡಲು ನಿಂತಾಗ, ಹನುಮಮ್ಮ ಮುಂ‌ದಿನ ಸಾಲಿನಲ್ಲಿ ಕೂತಿದ್ದಳು. ಅವನು ಒಂದು ಹಾಡು ಮುಗಿಸದೆ ಇಳಿದುಹೋದ. ಆಮೇಲೆ ಹೈದರಾಬಾದಿಗೆ ಹೋಗಿ ಯಾವುದೋ ಫಂಕ್ಷನ್ ಹಾಲಿನಲ್ಲಿ ಕೆಲಸಕ್ಕೆ ನಿಂತ ಅಂತ ಸುದ್ದಿ ಬಂತು. ಸುದ್ದಿ ತಂದವರು ಅಯ್ಯೋ ಅಂದರು. ಹನುಮಮ್ಮ ಅನ್ನಲಿಲ್ಲ.

ಶೇಖರ್ ಹೋಗುವ ಮೊದಲು ಮಹಾಂತಯ್ಯ ಗಿಟಾರನ್ನು ಅವನ ಮನೆಯಿಂದ ತಂದು ಅಂಗಡಿಯಲ್ಲಿ ಇಳಿಸಿದ್ದ. ಹನುಮಮ್ಮ ಹಳೆಯ ಕಾಯಿಲಿಗೆ ಒಂದು ಬೆಸುಗೆ ಹಾಕಿ ಒಳಗೆ ಕೂರಿಸಿದಳು. ಅದನ್ನು ಗದ್ವಾಲಕ್ಕೆ ಕಳಿಸಿದಳು, ಚೀಟಿ ಇಲ್ಲ, ಮಾತಿಲ್ಲ. ರಜಿತಾ ತೆಗೆದುಕೊಂಡಳು ಅಂತ ತಿಳಿಯಿತು. ಒಂದು ದಿನ ಅವಳೇ ಮಲ್ದಕಲ್‌ಗೆ ಹೋಗಿ ಕಿಷ್ಟಮ್ಮನ ಅಂಗಳದಲ್ಲಿ ಆ ರಾಗ ನುಡಿಸಿ ಬಂದಳಂತೆ. ಮಕ್ತಲಕ್ಕೆ ಮಾತ್ರ ಬರಲಿಲ್ಲ.

ಮೊಗುಲಮ್ಮ ಬಂದಳು. ಮಳೆ ಶುರುವಾದ ಹೊತ್ತು, ಹೆಗಲ ಮೇಲೆ ಕಂಬಳಿ ಹೊದ್ದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಳು. ಹನುಮಮ್ಮ ಕೈಯಲ್ಲಿದ್ದ ಮೋಟರು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ನೀರು ತಂದು ಮುಂದೆ ಇಟ್ಟಳು. ಮುದುಕಿ ಕುಡಿದಳು.

“ತಪ್ಪಾತವ್ವಾ,” ಅಂದಳು.

“ಗುಡಿ ಕಟ್ಟಿ ಮ್ಯಾಲ ನಾಕು ಮಂದಿ ಮುಂದ ಅಂದಿದ್ದಿ ಅತ್ತಿ. ಇಲ್ಲಿ ನನಗೊಬ್ಬಾಕಿಗೆ ಹೇಳಿದ್ರ ಏನು ಬಂತು?”

ಮೊಗುಲಮ್ಮ ಮುಖ ಒರೆಸಿಕೊಂಡು ಎದ್ದು ಹೋದಳು. ಮುಂದಿನ ಭಾನುವಾರ ಹನುಮಮ್ಮನಿಗೆ ಹೇಳಿಕಳಿಸಿ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಊರವರನ್ನು ಕೂರಿಸಿ, ನನ್ನ ಸೊಸೆ ಏನೂ ಮಾಡಿಲ್ಲ, ನನ್ನ ಬಾಯಿಯೇ ಕೆಟ್ಟದ್ದು ಮಾಡಿತು ಅಂದಳು. ಹೇಳುವಾಗ ಅವಳ ದನಿ ನಡುವೆ ಒಡೆಯಿತು. ಊರವರು ಹನುಮಮ್ಮನಿಗೆ ಇನ್ನು ಮನೆಗೆ ಬಂದುಬಿಡು ಅಂದರು. ಅವಳು ಅತ್ತೆಯ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಉಂಡಳು, ತಟ್ಟೆ ತೊಳೆದಿಟ್ಟಳು, ಅಂಗಳದಲ್ಲಿ ಕೂತಿದ್ದವರಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವತ್ತು ಯಾರು ಯಾರು ಏನೇನು ಅಂದಿದ್ದರು ಅನ್ನುವುದು ಅವಳಿಗೆ ಮರೆತಿರಲಿಲ್ಲ. “ಮಕ್ತಲದಾಗ ಕೆಲಸ ಐತ್ರಿ,” ಅಂದು ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಅತ್ತೆ ಬಸ್ ನಿಲ್ಲುವ ಕಡೆಯವರೆಗೆ ಜೊತೆಗೆ ಬಂದಳು. ಬಸ್ಸು ಬಂದಾಗ ಹನುಮಮ್ಮ ಹತ್ತಿ ಕಿಟಕಿಯ ಪಕ್ಕ ಕೂತು, “ಕಾಲು ನೋವು ಹೆಚ್ಚಾದ್ರ ಹೇಳಿ ಕಳಸು, ರಾಯಚೂರಿಗೆ ತೋರಸ್ತೀನಿ,” ಅಂದಳು. ಮುದುಕಿ ತಲೆ ಆಡಿಸಿದಳು. ಬಸ್ಸು ಹೊರಟಿತು. ಮಕ್ತಲದಲ್ಲಿ ಅಂಗಡಿಯ ಮುಂದೆ ಇಬ್ಬರು ರೈತರು ಸುಟ್ಟ ಮೋಟರು ಇಟ್ಟುಕೊಂಡು ಅವಳಿಗಾಗಿ ಕಾದಿದ್ದರು.